ಬಿಸಿಲಿಗೆ ಸ್ವಿಚ್ಚಿಲ್ಲ

"ಶೂ ಆಚೆ ತಗೊಳ್ಳಿ ಇನ್‌ಸ್ಪೆಕ್ಟ್ರೇ, ಕೊಳೆ ಆಗ್ಬಿಡುತ್ತೆ."

ಎಚ್ಚರಿಕೆ ಕೊಟ್ಟ ದನಿಯಲ್ಲಿ ಮರ್ಯಾದೆಗಿಂತ ಕುಹಕವೇ ಹೆಚ್ಚಿತ್ತು. ಇನ್‌ಸ್ಪೆಕ್ಟರ್ ಹಿಂದೆ ಸರಿಯುವಷ್ಟರಲ್ಲಿ ಅವಳು ಮಡಿಸಿಟ್ಟಿದ್ದ ನೀಲಿ ಟಾರ್ಪಾಲಿನ ತುದಿ ಹಿಡಿದು ಎಳೆದೇಬಿಟ್ಟಳು. ಮಡಿಕೆ ಬಿಚ್ಚಿಕೊಂಡಿತು. ಒಳಗಿಂದ ಇಟ್ಟಿಗೆಯ ಕೆಂಪು ಪುಡಿ ಬುಸ್ಸೆಂದು ಹಾರಿ ಅವನ ಪಾಲಿಶ್ ಮಾಡಿದ ಶೂಗಳ ಮೇಲೆ, ಇಸ್ತ್ರಿ ಪ್ಯಾಂಟಿನ ಮೇಲೆ, ಕೊನೆಗೆ ಮೀಸೆಯ ಮೇಲೂ ಕೂತಿತು.

"ಏನಿದು ಮೇಡಂ!"

"ಎರಡು ದಿನದಿಂದ ಇಲ್ಲೇ ಬಿದ್ದಿತ್ತು. ನೀವು ನೋಡಿಲ್ಲ, ಅಷ್ಟೆ."

ಅವಳನ್ನು ಎಲ್ಲರೂ ಮೆಣಸಿನಕಾಯಿ ಎನ್ನುತ್ತಿದ್ದರು. ಪೊಲೀಸ್ ಇಲಾಖೆಯಲ್ಲಿದ್ದಾಗ ಬಿದ್ದ ಹೆಸರು. ಮೇಲಧಿಕಾರಿಯ ಮೇಜಿನ ಮೇಲೆ ಟೋಪಿ ಕುಕ್ಕಿ ಹೊರಬಂದು ಸ್ವಂತ ಪತ್ತೇದಾರಿ ಕಚೇರಿ ತೆರೆದ ಮೇಲೂ ಆ ಹೆಸರು ಬೆನ್ನು ಬಿಡಲಿಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಹೆಂಗಸು. ಆದರೆ ಇವತ್ತಿನ ಕೋಪ ಮೂಗಿನದಲ್ಲ, ಹೊಟ್ಟೆಯೊಳಗಿನದು.

ಮೊನ್ನೆ ಮಧ್ಯಾಹ್ನ ಎಲೆಕ್ಟ್ರಿಕ್ ಬಸ್ ಡಿಪೋದ ಇದೇ ತಾರಸಿಯಲ್ಲಿ ಸೋಲಾರ್ ಎಂಜಿನಿಯರ್ ಕರೆಂಟ್ ಹೊಡೆದು ಸತ್ತಿದ್ದ. ಪ್ಯಾನೆಲ್‌ಗಳ ಮೇಲೆ ಟಾರ್ಪಾಲು ಹೊದಿಸದೆ ಅವನನ್ನು ಕೆಲಸಕ್ಕೆ ಬಿಟ್ಟು ಸಾಯಿಸಿದ ಎಂದು ಡಿಪೋದ ಎಲೆಕ್ಟ್ರಿಷಿಯನ್ ಲಾಕಪ್ಪಿನಲ್ಲಿದ್ದ. ಆ ಎಲೆಕ್ಟ್ರಿಷಿಯನ್ ಅವಳ ಒಡಹುಟ್ಟಿದ ತಮ್ಮ. ಸತ್ತ ಎಂಜಿನಿಯರ್ ಆ ತಮ್ಮನ ಹೆಂಡತಿಗೆ ಸ್ವಂತ ಅಣ್ಣ. ನಾಳೆ ಬೆಳಿಗ್ಗೆ ಕೋರ್ಟು.

"ಟಾರ್ಪಾಲು ಅಂದ್ಮೇಲೆ ಧೂಳಿರುತ್ತೆ ಮೇಡಂ," ಇನ್‌ಸ್ಪೆಕ್ಟರ್ ಕರವಸ್ತ್ರದಿಂದ ಮೀಸೆ ಒರೆಸಿಕೊಂಡ. "ಅದ್ರಲ್ಲೇನು ವಿಶೇಷ?"

"ಹೊರಮೈ ಮುಟ್ಟಿ ನೋಡಿ. ಧೂಳಿದೆಯಾ?"

ಅವನು ಒಂದು ಬೆರಳಲ್ಲಿ ಮುಟ್ಟಿ ನೋಡಿದ. ಇರಲಿಲ್ಲ.

"ಒಳಗಡೆ ಮಾತ್ರ ಯಾಕಿದೆ? ಮೂಲೇಲಿ ಮಡಿಸಿಟ್ಟ ಟಾರ್ಪಾಲಿನ ಹೊಟ್ಟೆಯೊಳಕ್ಕೆ ಧೂಳು ತಾನಾಗೇ ನುಗ್ಗುತ್ತಾ? ಬನ್ನಿ ಈ ಕಡೆ."

ನೀರಿನ ಟ್ಯಾಂಕಿನ ಹಿಂದೆ ಪ್ಯಾನೆಲ್‌ಗಳ ಸಾಲು ಬಿಸಿಲಿಗೆ ಮುಖ ಕೊಟ್ಟು ಮಲಗಿತ್ತು. ಸಾವಾದ ಕ್ಷಣದಿಂದ ತಾರಸಿಗೆ ಬೀಗ ಬಿದ್ದಿದ್ದರಿಂದ ಯಾರೂ ಒರೆಸಿರಲಿಲ್ಲ. ಎಲ್ಲದರ ಮೇಲೂ ಕೆಂಪು ಪುಡಿ ತೆಳ್ಳಗೆ ಹರಡಿತ್ತು. ನಡುವೆ ಒಂದು ಚೌಕದಲ್ಲಿ ಮಾತ್ರ ಇರಲಿಲ್ಲ. ಅಲ್ಲಿನ ಗಾಜಿನಲ್ಲಿ ಆಕಾಶ ಕಾಣುತ್ತಿತ್ತು. ಟಾರ್ಪಾಲಿನಷ್ಟೇ ಉದ್ದ, ಟಾರ್ಪಾಲಿನಷ್ಟೇ ಅಗಲ.

ಇನ್‌ಸ್ಪೆಕ್ಟರ್ ಬಗ್ಗಿ ಚೌಕದ ಅಂಚಿನ ಮೇಲೆ ಬೆರಳಾಡಿಸಿದ.

"ಮೊನ್ನೆ ಡಿಪೋ ನೋಡೋಕೆ ಅತಿಥಿಗಳು ಬರ್ತಾರೆ ಅಂತ ಬೆಳಿಗ್ಗೆ ಎದ್ದ ಕೂಡ್ಲೇ ಪ್ಯಾನೆಲ್ ಎಲ್ಲ ತೊಳೆಸಿದ್ರು. ಸರೀನಾ? ಅದಾದ ಮೇಲೆ ಪಕ್ಕದ ಹಳೇ ಡೀಸೆಲ್ ಪಂಪಿನ ಕೋಣೆ ನೋಡೋಕೆ ಚೆನ್ನಾಗಿಲ್ಲ ಅಂತ ಅದನ್ನೂ ಅವಸರದಲ್ಲಿ ಕೆಡವಿಸಿದ್ರು. ಯಾವ ಬುದ್ಧಿವಂತ ಹೇಳಿದ್ನೋ, ತೊಳೆದ ಪಾತ್ರೆ ಪಕ್ಕ ಕಸ ಗುಡಿಸ್ದಂಗೆ! ಧೂಳೆದ್ದು ಎಲ್ಲ ಪ್ಯಾನೆಲ್ ಮೇಲೂ ಬಿತ್ತು. ಈ ಚೌಕದ ಮೇಲೆ ಬೀಳ್ಲಿಲ್ಲ. ಯಾಕೆ?"

"ಮುಚ್ಚಿತ್ತು."

"ಮುಚ್ಚಿತ್ತು! ನನ್ನ ತಮ್ಮ ಮುಚ್ಚಿದ್ದ. ಮುಚ್ಚೇ ಭಾವನನ್ನ ಕೆಲಸಕ್ಕೆ ಬಿಟ್ಟಿದ್ದ. ಆಮೇಲೆ ಯಾರೋ ಬಂದು ತೆಗೆದಿದ್ದಾರೆ. ಧೂಳು ಚೆಲ್ಲದ ಹಾಗೆ ನಾಜೂಕಾಗಿ ಒಳಮುಖ ಮಡಿಸಿ ಮೂಲೆಗಿಟ್ಟಿದ್ದಾರೆ. ನೀವು ಬಂದು ಮಡಿಸಿದ ಟಾರ್ಪಾಲು ನೋಡಿದ್ರಿ, 'ಹೊದಿಸೇ ಇಲ್ಲ' ಅಂತ ಬರ್ಕೊಂಡ್ರಿ. ಕೈಗೆ ಸಿಕ್ಕ ಬಡಪಾಯಿಗೆ ಕೋಳ ಹಾಕಿದ್ರಿ!"

"ಮೇಡಂ, ದನಿ..."

"ದನಿ ಇಳಿಸಲ್ಲ!"

ಇನ್‌ಸ್ಪೆಕ್ಟರ್ ಒಂದು ಕಾಲದಲ್ಲಿ ಅವಳ ಕೈಕೆಳಗೆ ಕೆಲಸ ಮಾಡಿದವನು. ಕೂಗಾಡಿಸಿಕೊಂಡು ಅಭ್ಯಾಸವಿತ್ತು. ಪಕ್ಕದಲ್ಲಿ ಫೋಟೋ ತೆಗೆಯುತ್ತಿದ್ದ ಕಾನ್‌ಸ್ಟೇಬಲ್ ಕಡೆ ತಿರುಗಿ, "ಇದನ್ನೂ ತೆಗಿ," ಎಂದಷ್ಟೇ ಅಂದ.

"ಒಂದು ಅನುಮಾನ," ಎಂದ ಮತ್ತೆ. "ಟಾರ್ಪಾಲು ತೆಗೆದ್ರೆ ಕಾಣಿಸಲ್ವಾ? ಎಂಜಿನಿಯರ್ ಏನು ಕುರುಡನಾ?"

ಅವಳು ಅವನನ್ನು ಮೆಟ್ಟಿಲ ತಲೆಯ ಮೇಲಿನ ಪುಟ್ಟ ಕೋಣೆಯೊಳಗೆ ಕರೆದುಕೊಂಡು ಹೋದಳು. ಪ್ಯಾನೆಲ್‌ಗಳಿಂದ ಬಂದ ತಂತಿಗಳೆಲ್ಲ ಕೂಡುವ ಜಂಕ್ಷನ್ ಬಾಕ್ಸ್ ಇದ್ದದ್ದು ಆ ಕೋಣೆಯ ಗೋಡೆಯಲ್ಲಿ. ಬಾಕ್ಸಿನ ಮುಂದೆ ನಿಂತವನಿಗೆ ಗೋಡೆ ಬಿಟ್ಟರೆ ಬೇರೇನೂ ಕಾಣದು. ಪ್ಯಾನೆಲ್ ಹತ್ತಿರ ನಿಂತವನಿಗೆ ಟ್ಯಾಂಕು ಅಡ್ಡ.

"ಸ್ವಿಚ್ ಆಫ್ ಮಾಡಿದ್ರೆ ಸಾಕಾಗಲ್ವಾ?"

"ಮನೇಲಿ ಫ್ಯಾನಿಗೆ ಸಾಕು. ಪ್ಯಾನೆಲ್ ಮೇಲೆ ಬಿಸಿಲು ಬಿದ್ದಷ್ಟು ಹೊತ್ತೂ ಈ ಬಾಕ್ಸಿನವರೆಗೆ ಕರೆಂಟು ಬರ್ತಾನೇ ಇರುತ್ತೆ. ಬಿಸಿಲಿಗೆ ಸ್ವಿಚ್ಚಿಲ್ಲ. ಅದಕ್ಕೇ ಟಾರ್ಪಾಲು. ಇವನು ಇಲ್ಲಿ ಕೈ ಹಾಕಿದ್ದಾಗ ಅಲ್ಲಿ ಯಾರೋ ಎಳೆದ್ರು." ಅವಳು ಅವನ ಕಡೆ ತಿರುಗಿದಳು. "ಇದು ನಿರ್ಲಕ್ಷ್ಯ ಅಲ್ಲ ಇನ್‌ಸ್ಪೆಕ್ಟ್ರೇ. ಕೊಲೆ."

ಮೆಟ್ಟಿಲ ಕೆಳಗೆ ನಾದಿನಿ ಕಾಯುತ್ತಿದ್ದಳು. ತಮ್ಮನ ಹೆಂಡತಿ ಇದೇ ಡಿಪೋದ ಮೈಕ್ ರೂಮಿನಲ್ಲಿ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗುವವಳು. ಎರಡು ದಿನದಿಂದ ಅತ್ತಿದ್ದು ಕಡಿಮೆ, ಹಲ್ಲು ಕಚ್ಚಿದ್ದೇ ಹೆಚ್ಚು. ಅಣ್ಣ ಮಣ್ಣಾದ, ಗಂಡ ಕಂಬಿ ಎಣಿಸುತ್ತಿದ್ದಾನೆ. ಯಾವುದಕ್ಕೆ ಅಂತ ಅಳಬೇಕು ಪಾಪ.

"ಏನಾಯ್ತು ಅತ್ತಿಗೆ?"

"ನಿನ್ನ ಗಂಡ ತಪ್ಪು ಮಾಡಿಲ್ಲ ಕಣೆ. ಸಾಬೀತಾಯ್ತು. ಇನ್ನು ಟಾರ್ಪಾಲು ತೆಗೆದವನ ಕೊರಳಪಟ್ಟಿ ಹಿಡಿಯೋದೊಂದೇ ಬಾಕಿ."

ನಾದಿನಿಯ ಮುಖ ಅರಳಬೇಕಿತ್ತು. ಅರಳಲಿಲ್ಲ. "ಅದನ್ನ ಹುಡುಕ್ಲೇಬೇಕಾ?" ಎಂದಳು.

"ಹುಡುಕದೆ? ನಿನ್ನ ಅಣ್ಣನನ್ನ ಕೊಂದವನು ಆರಾಮಾಗಿ ಮನೇಲಿ ಉಂಡು ಮಲಗಬೇಕಾ?"

ನಾದಿನಿ ಮುಖ ತಿರುಗಿಸಿಕೊಂಡಳು. ಬೆಳಿಗ್ಗೆ ಲಾಕಪ್ಪಿನಲ್ಲಿ ತಮ್ಮನೂ ಹೀಗೇ ಅಂದಿದ್ದ: "ಬಿಟ್ಬಿಡು ಅಕ್ಕ, ನನ್ನ ಹಣೇಬರಹ." ಮೆಣಸಿನಕಾಯಿಗೆ ಇದ್ದ ಸಿಟ್ಟು ದುಪ್ಪಟ್ಟಾದದ್ದು ಆವಾಗಲೇ. ಗಂಡಹೆಂಡಿರಿಬ್ಬರೂ ಯಾರಿಗೋ ಹೆದರಿದ್ದಾರೆ ಎಂದು ಅವಳು ಲೆಕ್ಕ ಹಾಕಿದಳು. ಹೆದರಿಸಿದವನು ಯಾರೆಂದೂ ಅವಳಿಗೆ ಗೊತ್ತಿತ್ತು.

ಅಂಗಳದಲ್ಲಿ ಒಂದೂ ಬಸ್ಸಿರಲಿಲ್ಲ. ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿದ್ದ. ಉದ್ದಕ್ಕೂ ಸಾಲಾಗಿ ನೆಟ್ಟ ಚಾರ್ಜರ್‌ಗಳು ದಪ್ಪ ಕೇಬಲ್ ಜೋತುಬಿಟ್ಟುಕೊಂಡು, ಕರು ಇಲ್ಲದ ಕೊಟ್ಟಿಗೆಯ ಹಾಗೆ ಸುಮ್ಮನೆ ನಿಂತಿದ್ದವು. ಬಸ್ಸುಗಳೆಲ್ಲ ಬರುವುದು ಕತ್ತಲಾದ ಮೇಲೆ. ಆಗ ಪ್ಯಾನೆಲ್‌ಗಳಿಗೆ ನಿದ್ದೆ. ಚಾರ್ಜ್ ಆಗುವುದು ಊರಿಗೆಲ್ಲ ಬರುವ ಅದೇ ಮಾಮೂಲಿ ಲೈನಿನಿಂದ. ಹಗಲ ಬಿಸಿಲು ನಡೆಸುತ್ತಿದ್ದದ್ದು ಮ್ಯಾನೇಜರ್ ಕೋಣೆಯ ಎ.ಸಿ. ಮತ್ತು ಮುಂದಿನ ಹಾಲಿನ ದೊಡ್ಡ ಬೋರ್ಡು.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಅನ್ನುವ ಗಾದೆಯನ್ನು ಸತ್ತ ಎಂಜಿನಿಯರ್ ತಿರುಗಿಸಿ ಹೇಳುತ್ತಿದ್ದ: ಬಿಸಿಲಿದ್ದಾಗ ಬಸ್ಸಿಲ್ಲ, ಬಸ್ಸಿದ್ದಾಗ ಬಿಸಿಲಿಲ್ಲ. ನೆರಳು ಎಲ್ಲೆಲ್ಲಿ ಬೀಳುತ್ತದೆ ಎಂದು ಸುಡುವ ಮಧ್ಯಾಹ್ನಗಳಲ್ಲಿ ಕೊನೇ ಸ್ಟಾಪುಗಳನ್ನೆಲ್ಲ ಸುತ್ತಿ ಗುರುತು ಹಾಕುತ್ತಿದ್ದವನನ್ನು ಡ್ರೈವರುಗಳು ಬಿಸಿಲಪ್ಪ ಎನ್ನುತ್ತಿದ್ದರು. ಅವನ ಯೋಜನೆ ಸರಳ. ಬಸ್ಸುಗಳು ಮಧ್ಯಾಹ್ನ ಕೊನೇ ಸ್ಟಾಪಿನಲ್ಲಿ ನಿಲ್ಲುತ್ತವೆ. ಅಲ್ಲೇ ಚಾವಣಿ ಹಾಕಿ, ಪ್ಯಾನೆಲ್ ಕೂಡಿಸಿ, ಚಾರ್ಜರ್ ನೆಡಿ. ಡ್ರೈವರ್ ಊಟ ಮಾಡುವ ಹೊತ್ತಿಗೆ ಬಸ್ಸೂ ಊಟ ಮಾಡಲಿ.

ಮೊದಲ ಪ್ರಯೋಗಕ್ಕೆ ಇದೇ ತಾರಸಿಯ ಒಂದು ಸಾಲಿನ ತಂತಿಯನ್ನು ಹೊರಗಿನ ಸ್ಟಾಪಿನ ಚಾರ್ಜರಿಗೆ ತಿರುಗಿಸುತ್ತಿದ್ದಾಗಲೇ ಅವನು ಸತ್ತದ್ದು. ಅದೇ ದಿನ ಅತಿಥಿಗಳ ಮುಂದೆ ಆ ಸ್ಟಾಪಿನಲ್ಲಿ ಬಸ್ಸೊಂದನ್ನು ಚಾರ್ಜ್ ಮಾಡಿ ತೋರಿಸುವವನಿದ್ದ. ತೋರಿಸಿದ್ದರೆ ಮ್ಯಾನೇಜರ್ ಕಟ್ಟಿಸಿದ್ದೆಲ್ಲ ನೀರಿಲ್ಲದ ಬಾವಿ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಹಾಲಿನ ಗೋಡೆ ತುಂಬ ಆ ಬೋರ್ಡು. 'ಈ ಕ್ಷಣ ಸೂರ್ಯನಿಂದ' ಎಂಬ ಅಕ್ಷರಗಳ ಕೆಳಗೆ ಕೆಂಪು ಅಂಕಿಗಳು ಮಿನುಗುತ್ತಿದ್ದವು.

ಡಿಪೋ ಮ್ಯಾನೇಜರ್ ಎ.ಸಿ. ಕೋಣೆಯಿಂದ ಹೊರಬಂದ. ನುಣ್ಣಗೆ ಬಾಚಿದ ತಲೆ, ನುಣ್ಣಗೆ ತಿದ್ದಿದ ಮಾತು.

"ಬನ್ನಿ ಬನ್ನಿ. ಪಾಪ, ನಿಮ್ಮ ಮನೆಗೆ ಹೀಗಾಗಬಾರದಿತ್ತು. ಎಷ್ಟು ಸಲ ಹೇಳಿದ್ದೆ, ಜಾಗ್ರತೆ ಜಾಗ್ರತೆ ಅಂತ. ಈ ಹುಡುಗ್ರು ಕೇಳ್ಬೇಕಲ್ಲ?"

"ಟಾರ್ಪಾಲು ತೆಗೆಸಿದ್ದು ಯಾಕೆ?" ಅವಳು ಕೂರಲೂ ಇಲ್ಲ.

"ಯಾವ ಟಾರ್ಪಾಲು? ಹೊದಿಸಿದ್ರೆ ತಾನೇ ತೆಗೆಸೋದು."

"ಇನ್ನೊಂದ್ಸಲ ಹೇಳಿ. ಇನ್‌ಸ್ಪೆಕ್ಟರ್ ಮುಂದೆ ಹೇಳಿ."

"ಹೊದಿಸಿರ್ಲಿಲ್ಲ. ನೂರು ಸಲ ಬೇಕಾದ್ರೂ ಹೇಳ್ತೀನಿ."

ಅವಳು ಫೋನ್ ತೆಗೆದು ತಾರಸಿಯಲ್ಲಿ ಬಿಟ್ಟು ಬಂದಿದ್ದ ಕಾನ್‌ಸ್ಟೇಬಲ್‌ಗೆ ಕರೆ ಮಾಡಿದಳು. "ಹೊದಿಸಪ್ಪ," ಎಂದಳು. "ಆ ಚೌಕ ಎಲ್ಲಿದೆಯೋ ಅಲ್ಲೇ."

ಹಾಲಿನಲ್ಲಿದ್ದವರೆಲ್ಲ ಬೋರ್ಡಿನತ್ತ ತಲೆಯೆತ್ತಿದರು. ಮೊದಲು ಏನೂ ಆಗಲಿಲ್ಲ. ಮ್ಯಾನೇಜರ್ ಸಣ್ಣಗೆ ನಕ್ಕ. ಆಮೇಲೆ ಬೋರ್ಡಿನ ಅಂಕಿ ಒಮ್ಮೆ ನಡುಗಿ ಇಳಿಯತೊಡಗಿತು. ಇಳಿಯಿತು, ಇನ್ನೂ ಇಳಿಯಿತು. ಅವನ ನಗೆಯೂ ಅದರ ಜೊತೆಗೇ ಇಳಿಯಿತು.

"ಕೆಲಸ ಇದ್ದಿದ್ದು ಒಂದೇ ಸಾಲಿಗೆ. ಟಾರ್ಪಾಲು ದೊಡ್ಡದು, ಅಕ್ಕಪಕ್ಕದ ಸಾಲನ್ನೂ ಮುಚ್ಚಿತ್ತು. ಅತಿಥಿಗಳು ಬಾಗಿಲಿಗೆ ಬಂದಿದ್ದಾರೆ, ನಿಮ್ಮ ಮುದ್ದಿನ ಬೋರ್ಡಲ್ಲಿ ಅಂಕಿ ಕೆಳಗೆ ಬಿದ್ದಿದೆ. ಮಾನ ಹೋಗುತ್ತಲ್ಲ! ಒಬ್ಬ ಮನುಷ್ಯನ ಜೀವ ಹೋದ್ರೂ ಪರವಾಗಿಲ್ಲ, ನಾಲ್ಕು ಅಂಕಿ ಮೇಲೆ ಏರಬೇಕು. ಅಲ್ವಾ?"

"ನಾಲಿಗೆ ಬಿಗಿಹಿಡಿದು ಮಾತಾಡಿ!"

"ನಾಲಿಗೆ ಬಿಗಿಹಿಡಿದೇ ಇಷ್ಟು. ಬಿಟ್ರೆ ಈ ಗೋಡೆ ನಿಲ್ಲಲ್ಲ."

"ಇಡೀ ಠಾಣೇನೇ ಬಂದೋಬಸ್ತಿಗೆ ಬಂದಿತ್ತು ಅವತ್ತು! ಎಷ್ಟು ದೊಡ್ಡ ಜನ ಬಂದಿದ್ರು ಗೊತ್ತಾ? ಬೋರ್ಡ್ ನೋಡೋಕೇ ಬಂದಿದ್ರು..." ಅಲ್ಲಿಗೆ ಮ್ಯಾನೇಜರಿಗೆ ತಾನು ಏನು ಅಂದೆ ಎಂದು ಹೊಳೆಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಬೋರ್ಡಿನ ಕಡೆ ನೋಡಿದ.

ಹಾಲಿಗೆ ಬಂದ ಮೇಲೆ ಇನ್‌ಸ್ಪೆಕ್ಟರ್ ಮೊದಲ ಸಲ ಬಾಯಿ ಬಿಟ್ಟ. "ತೆಗೆಸಿದ್ರಾ ಇಲ್ವಾ? ಅದೊಂದು ಹೇಳಿ."

ಮ್ಯಾನೇಜರ್ ಕರವಸ್ತ್ರದಿಂದ ಹಣೆ ಒತ್ತಿಕೊಂಡ. ಮತ್ತೆ ತಲೆಯೆತ್ತಿದಾಗ ಅವನ ಮುಖದಲ್ಲಿ ಹೆದರಿಕೆಯಿರಲಿಲ್ಲ. ಅದನ್ನು ನೋಡಿಯೇ ಅವಳಿಗೆ ಏನೋ ಅಳುಕಾಯಿತು.

"ತೆಗೆಸ್ದೆ. ಹೌದು. ವಾಕಿಟಾಕೀಲಿ ಹೇಳ್ದೆ. ಆದ್ರೆ ಕೇಳಿಯೇ ಹೇಳ್ದೆ. 'ಬಾಕ್ಸ್ ಹತ್ರ ಯಾರಾದ್ರೂ ಇದ್ದಾರಾ' ಅಂತ ಕೇಳ್ದೆ. 'ಯಾರೂ ಇಲ್ಲ ಸಾರ್, ತೆಗೀತೀನಿ' ಅಂತ ಉತ್ತರ ಬಂತು. ನನ್ನ ತಪ್ಪೇನು?"

"ಉತ್ತರ ಕೊಟ್ಟ ಆ ಪಾಪಿ ಯಾರು?"

"ಸುಮ್ನೆ ಯಾಕೆ ಬಾಯಿ ಬಿಡಿಸ್ತೀರಾ..."

"ಯಾರು!"

"ನಿಮ್ಮ ತಮ್ಮ."

ಅವಳಿಗೆ ಟಾರ್ಪಾಲಿನ ಮಡಿಕೆ ನೆನಪಾಯಿತು. ನಾಜೂಕಾಗಿ, ಧೂಳು ಚೆಲ್ಲದ ಹಾಗೆ, ಒಳಮುಖವಾಗಿ. ಹಾಗೆ ಮಡಿಸುವವನು ಪ್ಯಾನೆಲ್‌ಗಳನ್ನು ಮಕ್ಕಳ ಹಾಗೆ ನೋಡಿಕೊಳ್ಳುವವನು ಮಾತ್ರ. ತಾರಸಿಯ ಮೇಲೆ ನಿಂತು ಅಷ್ಟುದ್ದ ಭಾಷಣ ಬಿಗಿಯುವಾಗ ಇದು ಯಾಕೆ ಹೊಳೆಯಲಿಲ್ಲ? ಸಿಟ್ಟಿಗೆ ಕಣ್ಣಿಲ್ಲ, ಅದಕ್ಕೆ. ಅವಳಿಗೆ ತನ್ನ ಮೇಲೇ ಉರಿದುಹೋಯಿತು.

ಹಿಂದೆಯೇ ಬಂದಿದ್ದ ನಾದಿನಿ ನೆಲ ನೋಡುತ್ತ ನಿಂತಿದ್ದಳು. ಆಶ್ಚರ್ಯದ ಒಂದು ಗೆರೆಯೂ ಅವಳ ಮುಖದಲ್ಲಿರಲಿಲ್ಲ.

ಹೊರಗೆ ಜೀಪು ಹತ್ತುವಾಗ ಇನ್‌ಸ್ಪೆಕ್ಟರ್ ಮೆಲ್ಲಗೆ ಅಂದ: "ನಾನು ನಿರ್ಲಕ್ಷ್ಯ ಅಂತ ಬರೆದಿದ್ದೆ ಮೇಡಂ. ನಾಳೆ ಜಾಮೀನು ಸಿಕ್ಕಿಬಿಡ್ತಿತ್ತು. ಕೊಲೆ ಅಂತ ಸಾಬೀತು ಮಾಡಿದ್ದು ನೀವು. ಫೋಟೋ ಸಮೇತ."

ಅವಳಿಗೆ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲವಾದ್ದರಿಂದ ನಾದಿನಿಯ ಜೊತೆ ಜೀಪು ಹತ್ತಿ ಕೂತಳು.

ಲಾಕಪ್ಪಿನ ಕಂಬಿಯ ಹಿಂದೆ ತಮ್ಮ ಗೋಡೆಗೊರಗಿ ಕೂತಿದ್ದ. ಅಕ್ಕನ ಮುಖ ನೋಡಿದ ಕೂಡಲೇ ಅವನಿಗೆ ಎಲ್ಲ ಗೊತ್ತಾಯಿತು.

"ಏಳೋ ಮೇಲೆ! ನಿಂತ್ಕೊಂಡು ಉತ್ತರ ಕೊಡು. ಟಾರ್ಪಾಲು ತೆಗೆದಿದ್ದು ನೀನಾ?"

"ಹೂಂ ಅಕ್ಕ."

"ಹೂಂ ಅಂತೀಯಲ್ಲೋ! ಎರಡು ದಿನದಿಂದ ನಾನು ನಾಯಿ ಹಾಗೆ ಅಲೀತಿದ್ದೀನಿ, ಕಂಡಕಂಡವರ ಹತ್ರ ಜಗಳ ಆಡ್ತಿದ್ದೀನಿ. ನೀನು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀಯ! ಭಾವ ಒಳಗಿದ್ದಾರೆ ಅಂತ ಗೊತ್ತಿದ್ದೂ ಯಾರೂ ಇಲ್ಲ ಅಂದ್ಯಾ?"

"ಒಳಗಿರ್ಲಿಲ್ಲ ಅಕ್ಕ!" ತಮ್ಮ ಕಂಬಿ ಹಿಡಿದುಕೊಂಡ. "ನನ್ನ ಕಣ್ಣೆದುರೇ ಮೆಟ್ಟಿಲಿಳಿದು ಹೋದ್ರು. ಕೆಲಸ ಅರ್ಧ ಆಗಿದೆ, ಉಂಡು ಬಂದು ಮುಗಿಸೋಣ ಅಂದ್ರು. ಅದಾದ ಮೇಲೇ ಸಾರ್ ಕೇಳಿದ್ದು. ಯಾರೂ ಇಲ್ಲ ಅಂದೆ, ನಿಜಾನೇ ಅಂದೆ. ಟ್ಯಾಂಕಿನ ಹಿಂದೆ ಹೋಗಿ ಹಗ್ಗ ಬಿಚ್ಚಿ ಎಳ್ದೆ. ಮಡಿಸಿಟ್ಟು ಬರ್ತೀನಿ, ಬಾಕ್ಸ್ ಮುಂದೆ ಭಾವ..."

ಅವನು ಅಂಗೈಯಿಂದ ಕಣ್ಣೊತ್ತಿಕೊಂಡ.

ಅವಳ ದನಿ ಸ್ವಲ್ಪ ಇಳಿಯಿತು. "ಇಳಿದು ಹೋದವರು ಮತ್ತೆ ಯಾಕೆ ಹತ್ತಿದ್ರು?"

"ಗೊತ್ತಿಲ್ಲ."

"ಗೊತ್ತಿದೆ. ಚಿಕ್ಕವನಿದ್ದಾಗ್ಲೂ ಸುಳ್ಳು ಹೇಳುವಾಗ ಹೀಗೇ ಕಿವಿ ಕೆಂಪಾಗ್ತಿತ್ತು ನಿಂಗೆ. ಯಾರು ಹತ್ತಿಸಿದ್ರು ಹೇಳು. ಅವನ ಹೆಸರು ಹೇಳಿ ಹೊರಗೆ ಬಾ ಮಾರಾಯಾ! ಯಾರನ್ನ ಕಾಪಾಡ್ತಿದ್ದೀಯ?"

ತಮ್ಮನ ಕಣ್ಣು ಅಕ್ಕನ ಹೆಗಲ ಮೇಲಿಂದ ಹಿಂದಕ್ಕೆ ಹೋಯಿತು. ಹೋದದ್ದೇ ತಪ್ಪಾಯಿತೆಂಬಂತೆ ಥಟ್ಟನೆ ವಾಪಸಾಯಿತು. ಅವಳು ತಿರುಗಿದಳು.

ಹಿಂದೆ ನಿಂತಿದ್ದವಳು ನಾದಿನಿ.

"ನಾನೇ ಅತ್ತಿಗೆ," ಎಂದಳು ನಾದಿನಿ. "ನಾನೇ ಅಣ್ಣಂಗೆ ಫೋನ್ ಮಾಡಿ ವಾಪಸ್ ಹತ್ತಿಸಿದ್ದು."

"ಸುಮ್ನಿರೇ!" ತಮ್ಮ ಒಳಗಿಂದ ಕಿರುಚಿದ.

"ಎಷ್ಟು ದಿನ ಸುಮ್ನಿರ್ಲಿ? ನಿಮ್ಮ ಹೆಸರು ಬಂದೀತು ಅಂತ ನಾನು ಸುಮ್ನಿದ್ದೆ. ಮೈಕ್ ರೂಮಿನ ಕಿಟಕೀಲಿ ತಾರಸಿ ಮೇಲೆ ನೀವು ಟಾರ್ಪಾಲು ಎಳೆಯೋದು ಕಾಣ್ತಿತ್ತು. ಕಿವೀಲಿ ಅಣ್ಣನ ಫೋನು. ನೀವು ಎಳೆದ್ರಿ, ಅಣ್ಣ ಕಿರುಚಿದ." ಅವಳ ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿಯೇ ಇತ್ತು. "ಎರಡೂ ನಾನೇ ನೋಡ್ದೆ, ನಾನೇ ಕೇಳ್ದೆ."

"ಫೋನ್ ನೆಲದ ಮೇಲೆ ಬಿದ್ದಿತ್ತು ಅಕ್ಕ," ತಮ್ಮ ಹಣೆಯನ್ನು ಕಂಬಿಗೆ ಒತ್ತಿದ. "ಒಳಗಿಂದ ಇವಳು ಅಣ್ಣಾ ಅಣ್ಣಾ ಅಂತಿದ್ಲು. ನಾನೇ ಕಟ್ ಮಾಡ್ದೆ. ಇವಳೇ ಹತ್ತಿಸಿದ್ದು ಅಂತ ಯಾರಿಗೂ ತಿಳಿಯದಿರ್ಲಿ ಅಂತ."

ಎರಡು ದಿನದಿಂದ ಗಂಡ ಹೆಂಡತಿಗಾಗಿ, ಹೆಂಡತಿ ಗಂಡನಿಗಾಗಿ ತುಟಿ ಹೊಲಿದುಕೊಂಡಿದ್ದರು. ಒಬ್ಬರು ಇನ್ನೊಬ್ಬರ ಮೇಲೆ ಅನುಮಾನ ಪಟ್ಟಿರಲಿಲ್ಲ, ಅದೊಂದೇ ಪುಣ್ಯ. ಅವಳಿಗೆ ಇಬ್ಬರನ್ನೂ ತಬ್ಬಿಕೊಳ್ಳಬೇಕೋ ಇಬ್ಬರಿಗೂ ಬಾರಿಸಬೇಕೋ ತಿಳಿಯಲಿಲ್ಲ.

"ಯಾಕೆ ಹತ್ತಿಸಿದೆ? ನಿಂಗೇನು ಬೇಕಿತ್ತು ಅಲ್ಲಿ?"

"ನಂಗೇನು ಬೇಕಿತ್ತು ಅತ್ತಿಗೆ? ಇಂಟರ್‌ಕಾಮ್ ಬಂತು. 'ಬಾಕ್ಸ್ ಬಾಯಿ ತೆಗೆದೇ ಬಿಟ್ಟು ಹೋಗಿದ್ದಾನೆ ನಿಮ್ಮಣ್ಣ, ಅತಿಥಿಗಳು ತಾರಸಿಗೆ ಹತ್ತುತ್ತಾರೆ, ತಕ್ಷಣ ಹೋಗಿ ತಂತಿ ಕೂಡಿಸಿ ಮುಚ್ಚು ಅಂತ ಹೇಳು' ಅಂದ್ರು. ಹೇಳ್ದೆ. ಉಣ್ಣೋಕೆ ಹೊರಟವನನ್ನ ಅರ್ಧ ದಾರೀಲಿ ತಿರುಗಿಸ್ದೆ."

"ಇಂಟರ್‌ಕಾಮಲ್ಲಿ ಮಾತಾಡಿದ್ದು ಯಾರು?"

"ಮ್ಯಾನೇಜರ್."

ಠಾಣೆಯ ಫ್ಯಾನು ಕಿರ್ರೆನ್ನುತ್ತ ತಿರುಗುತ್ತಿತ್ತು. ಅವಳು ಮನಸ್ಸಿನಲ್ಲೇ ಲೆಕ್ಕ ಕೂಡಿಸಿದಳು. ಒಂದೇ ಬಾಯಿ, ಎರಡು ಮಾತು. ಹೆಂಡತಿಗೆ ಹೇಳಿದ್ದು: ನಿಮ್ಮಣ್ಣನನ್ನ ಹತ್ತಿಸು. ಗಂಡನಿಗೆ ಹೇಳಿದ್ದು: ಟಾರ್ಪಾಲು ತೆಗಿ. ಬಾಕ್ಸ್ ಹತ್ತಿರ ಯಾರಾದರೂ ಇದ್ದಾರಾ ಎಂದು ಕೇಳಿದ್ದು ಜಾಗ್ರತೆಗಲ್ಲ. ಇಲ್ಲ ಎಂದು ತಮ್ಮನ ಬಾಯಿಂದಲೇ ಅನ್ನಿಸುವುದಕ್ಕೆ. ತಂಗಿಯ ದನಿಯಲ್ಲಿ ಕರೆಸಿ, ಭಾವಮೈದುನನ ಕೈಯಲ್ಲಿ ಕೊಲ್ಲಿಸಿ, ತಾನು ಹಾಲಿನಲ್ಲಿ ನಿಂತು ಅತಿಥಿಗಳಿಗೆ ಅಂಕಿ ತೋರಿಸುತ್ತಿದ್ದ. ಥೂ ಅವನ ಜನ್ಮಕ್ಕಿಷ್ಟು!

"ಕೇಳಿಸ್ತಾ ಇನ್‌ಸ್ಪೆಕ್ಟ್ರೇ? ಇನ್ನೇನು ಬೇಕು? ಹೋಗಿ ಆ ಚಂಡಾಲನ್ನ ಎಳ್ಕೊಂಡು ಬನ್ನಿ!"

ಇನ್‌ಸ್ಪೆಕ್ಟರ್ ಕೈಕಟ್ಟಿ ಮೇಜಿಗೊರಗಿ ನಿಂತಿದ್ದ. "ಇಂಟರ್‌ಕಾಮಿಗೆ ದಾಖಲೆ ಇರಲ್ಲ ಮೇಡಂ. ಮ್ಯಾನೇಜರ್ 'ನಾನು ಹೇಳೇ ಇಲ್ಲ' ಅಂತಾರೆ. ಇವರು 'ಹೇಳಿದ್ರು' ಅಂತಾರೆ. ಇವರು ಆರೋಪಿ ಹೆಂಡತಿ. ಕೋರ್ಟಲ್ಲಿ ನಿಲ್ಲುತ್ತಾ? ಬೇರೆ ಸಾಕ್ಷಿ ಬೇಕಾಗುತ್ತೆ."

"ಇದೆ," ಎಂದಳು ನಾದಿನಿ.

"ಏನಿದೆ?"

"ಸಾಕ್ಷಿ. ಇಂಟರ್‌ಕಾಮ್ ಸ್ಪೀಕರಲ್ಲಿತ್ತು. ಆ ಹೊತ್ತಲ್ಲಿ ಮೈಕ್ ರೂಮಲ್ಲಿ ಇನ್ನೊಬ್ರಿದ್ರು. ಹೊರಗೆ ಬಿಸಿಲು ಜಾಸ್ತಿ ಅಂತ ಒಳಗೆ ಬಂದು ನನ್ನ ಪಕ್ಕದ ಕುರ್ಚೀಲಿ ಕೂತಿದ್ರು. ಒಂದೊಂದು ಮಾತೂ ಕೇಳಿಸ್ಕೊಂಡಿದ್ದಾರೆ. 'ಪಾಪ, ಊಟದ ಹೊತ್ತಲ್ಲಿ ಯಾಕಮ್ಮ ಕಾಟ' ಅಂತ ನಂಗೆ ಹೇಳೂ ಹೇಳಿದ್ರು."

ಅವಳಿಗೆ ಹೋದ ಜೀವ ಬಂದಂತಾಯಿತು. ತಮ್ಮನ ಕಡೆ ತಿರುಗಿದಳು. ಕಂಬಿಯ ಹಿಂದೆ ಅವನ ಮುಖವೂ ಎರಡು ದಿನದಲ್ಲಿ ಮೊದಲ ಸಲ ಮೇಲೆದ್ದಿತ್ತು. ಒಂದು ಬಾಯಿ, ಒಂದು ಮಾತು ಸಾಕು, ಇಬ್ಬರೂ ಬಚಾವ್.

"ಯಾರೇ ಅದು? ಬೇಗ ಹೇಳು, ಈಗಲೇ ಹೋಗಿ ಕರ್ಕೊಂಡು ಬರ್ತೀನಿ. ಕಾಲು ಹಿಡಿದಾದ್ರೂ ಕರ್ಕೊಂಡು ಬರ್ತೀನಿ."

"ಎಲ್ಲೂ ಹೋಗೋದು ಬೇಡ ಅತ್ತಿಗೆ," ನಾದಿನಿ ಬೆರಳೆತ್ತಿದಳು. "ಇವರೇ."

ಬೆರಳು ಇನ್‌ಸ್ಪೆಕ್ಟರನ ಎದೆಗೆ ನೇರವಾಗಿತ್ತು.

"ಬಂದೋಬಸ್ತಿಗೆ ಬಂದಿದ್ದು ನೀವೇ ಅಲ್ವಾ ಸಾರ್? ಎರಡು ದಿನದಿಂದ ಕಾಯ್ತಿದ್ದೀನಿ, ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ. ನಾನು ಬಾಯಿ ಬಿಟ್ರೆ ನನ್ನ ಗಂಡನ ಹೆಸರು ಬರುತ್ತೆ, ನೀವು ಬಿಟ್ರೆ ಮ್ಯಾನೇಜರ್ ಹೆಸರು ಬರುತ್ತೆ. ಹೇಳಿ ಸಾರ್, ಕೇಳಿಸ್ಕೊಂಡ್ರೋ ಇಲ್ವೋ?"

ಠಾಣೆಯಲ್ಲಿದ್ದ ಪೇದೆಗಳೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಮೆಣಸಿನಕಾಯಿ ಒಂದು ಹೆಜ್ಜೆ ಮುಂದೆ ಇಟ್ಟಳು. ಅವಳ ಕೈಕೆಳಗೆ ಕೆಲಸ ಕಲಿತವನು, ಒಂದು ಕಾಲದಲ್ಲಿ ಅವಳ ಮನೆಯಲ್ಲೇ ಉಂಡವನು. ಇದೇ ತಮ್ಮ ಅವನಿಗೆ ಬಡಿಸಿದ್ದ.

"ಹೇಳೋ," ಎಂದಳು. ಮರ್ಯಾದೆಯ ಮಾತು ತಾನಾಗೇ ಜಾರಿತ್ತು. "ನನ್ನ ಮುಖ ನೋಡಿ ಹೇಳು."

ಇನ್‌ಸ್ಪೆಕ್ಟರ್ ಅವಳ ಮುಖ ನೋಡಲಿಲ್ಲ. ಪ್ಯಾಂಟಿನ ಮೇಲೆ ಇನ್ನೂ ಉಳಿದಿದ್ದ ಕೆಂಪು ಪುಡಿಯನ್ನು ನಿಧಾನಕ್ಕೆ ಕೊಡವಿಕೊಂಡ.

"ನಂಗೆ ನೆನಪಿಲ್ಲ," ಎಂದ.

ಆಮೇಲೆ ಮಹಿಳಾ ಪೇದೆಯ ಕಡೆ ತಿರುಗಿದ. "ಹೆಂಗಸರ ಲಾಕಪ್ ಬೀಗ ತೆಗಿಯಮ್ಮ. ಅಣ್ಣನನ್ನ ನಾನೇ ಹತ್ತಿಸಿದ್ದು ಅಂತ ಇವರು ನಮ್ಮೆಲ್ಲರ ಎದುರಿಗೇ ಒಪ್ಪಿಕೊಂಡಿದ್ದಾರೆ. ಗಂಡ ತೆಗೆದ, ಹೆಂಡತಿ ಕಳಿಸಿದಳು. ನಾಳೆ ಇಬ್ಬರನ್ನೂ ಒಟ್ಟಿಗೇ ಕೋರ್ಟಿಗೆ ಕರ್ಕೊಂಡು ಹೋಗೋಣ."